ಫಾರೋಸ್ ದೀಪಸ್ತಂಭ ನಿಜಕ್ಕೂ ಹೇಗಿತ್ತು? ಒಬ್ಬೊಬ್ಬರು ಒಂದೊಂದು ಥರ ತೋರಿಸ್ತಾರಲ್ಲ

ಉಪ್ಪುನೀರು:
ಅಲೆಕ್ಸಾಂಡ್ರಿಯಾದ ಹಳೇ ದೀಪಸ್ತಂಭ ಅಂತ ಯೂಟ್ಯೂಬ್‌ನಲ್ಲಿ ಹುಡುಕಿ ನೋಡಿ. ಒಂದು ವಿಡಿಯೋದಲ್ಲಿ ತುದಿ ಮೇಲೆ ಜೀಯಸ್ ನಿಂತಿರುತ್ತಾನೆ, ಇನ್ನೊಂದರಲ್ಲಿ ಪೊಸೈಡನ್, ಮತ್ತೊಂದರಲ್ಲಿ ತಲೆ ಸುತ್ತ ಕಿರಣ ಇರುವ ಸೂರ್ಯದೇವ. ಒಬ್ಬ 100 ಮೀಟರ್ ಅನ್ನುತ್ತಾನೆ, ಇನ್ನೊಬ್ಬ 140. ಒಂದರಲ್ಲಂತೂ ದೊಡ್ಡ ಕನ್ನಡಿ ಇಟ್ಟು ಶತ್ರುಗಳ ಹಡಗು ಸುಡುತ್ತಾರೆ. ಎಲ್ಲರೂ ತಾವೇ ಮುಂದೆ ನಿಂತು ಕಟ್ಟಿಸಿದ ಹಾಗೆ ಮಾತಾಡುತ್ತಾರೆ.

ಗೊತ್ತಿಲ್ಲದವರಿಗೆ ಮೊದಲು ಜಾಗದ ವಿಷಯ. ಫಾರೋಸ್ ಅನ್ನೋದು ಈಜಿಪ್ಟಿನ ಕಡಲ ತೀರದ ಎದುರಿಗಿದ್ದ ಸಣ್ಣ, ಉದ್ದನೆಯ ದ್ವೀಪ. ಕ್ರಿ.ಪೂ. 331ರಲ್ಲಿ ಅಲೆಕ್ಸಾಂಡರ್ ಅದರ ಎದುರಿಗೇ ಊರು ಕಟ್ಟಿಸಿದ. ಆಮೇಲೆ ದಡದಿಂದ ದ್ವೀಪಕ್ಕೆ ಸುಮಾರು ಏಳು ಸ್ಟೇಡಿಯಾ, ಅಂದರೆ ಒಂದು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ ಉದ್ದದ ಏರಿ ಹಾಕಿದರು. ದ್ವೀಪದ ಪೂರ್ವದ ತುದಿಯ ಬಂಡೆ ಮೇಲೆ ದೀಪಸ್ತಂಭ ಎದ್ದಿತು. ಅಲೆಕ್ಸಾಂಡರ್ ಆದಮೇಲೆ ಈಜಿಪ್ಟ್ ಆಳಿದ ಮೊದಲನೇ ಟಾಲೆಮಿ ಶುರು ಮಾಡಿದ, ಅವನ ಮಗನ ಕಾಲದಲ್ಲಿ, ಹೆಚ್ಚುಕಡಿಮೆ ಕ್ರಿ.ಪೂ. 280ರ ಹೊತ್ತಿಗೆ ಮುಗಿಯಿತು. ಏರಿಯ ಎರಡೂ ಕಡೆ ಮರಳು, ಮಣ್ಣು ತುಂಬಿಕೊಳ್ಳುತ್ತಾ ಬಂದು ಈಗ ಅದರ ಮೇಲೇ ಊರಿದೆ. ದ್ವೀಪ ಅಂತ ಹುಡುಕಿದರೆ ಸಿಗಲ್ಲ.

ನನ್ನ ವಾದ ಇಷ್ಟೇ. ಈ ಕಟ್ಟಡ ಸಾವಿರದ ಐನೂರು ವರ್ಷಕ್ಕಿಂತ ಜಾಸ್ತಿ ನಿಂತಿತ್ತು. ಜನ ಅದನ್ನು ಹತ್ತಿದ್ದಾರೆ, ಒಳಗೆ ಓಡಾಡಿದ್ದಾರೆ, ಅಳತೆ ತೆಗೆದಿದ್ದಾರೆ. ಅವರು ಹೇಳಿದ್ದನ್ನು ಬಿಟ್ಟು ತುದಿಯಲ್ಲಿ ಯಾವ ದೇವರಿದ್ದ ಅಂತ ಜಗಳ ಆಡೋದು ಯಾಕೆ? ಇವತ್ತು ನಾವು ನೋಡೋ ಬಹುಪಾಲು ಚಿತ್ರಗಳ ಮೂಲ, ಜರ್ಮನಿಯ ಹರ್ಮನ್ ಥಿಯರ್ಷ್ 1909ರಲ್ಲಿ ಮಾಡಿದ ಊಹಾಚಿತ್ರ. ಒಳ್ಳೇ ಕೆಲಸ, ಇಲ್ಲ ಅನ್ನಲ್ಲ. ಆದರೆ ಅತಿ ಮುಖ್ಯವಾದ ಸಾಕ್ಷಿ ವಿದ್ವಾಂಸರ ಕೈಗೆ ಬಂದದ್ದು 1933ರಲ್ಲಿ. ಆ ಸಾಕ್ಷಿ ಯಾರು ಅಂತ ಆಮೇಲೆ ಹೇಳುತ್ತೇನೆ, ಮೊದಲು ನಿಮ್ಮ ಹತ್ತಿರ ಏನಿದೆ ಹೇಳಿ.

ನಾಣ್ಯದ ಹುಚ್ಚು:
ನನ್ನ ಹತ್ತಿರ ನಾಣ್ಯ ಇದೆ (ಕೈಯಲ್ಲಿ ಇಲ್ಲ ಸ್ವಾಮಿ, ಅಷ್ಟು ದುಡ್ಡು ಎಲ್ಲಿಂದ ತರೋದು, ಕ್ಯಾಟಲಾಗಿನಲ್ಲಿ ಇದೆ). ರೋಮನ್ ಕಾಲದಲ್ಲಿ ಅಲೆಕ್ಸಾಂಡ್ರಿಯಾದ ಟಂಕಸಾಲೆ ಹೊಡೆದ ನಾಣ್ಯಗಳಲ್ಲಿ ಈ ದೀಪಸ್ತಂಭ ಬರುತ್ತದೆ. ಚಕ್ರವರ್ತಿ ಡೊಮಿಷಿಯನ್ ಕಾಲದಿಂದ ಕೊಮೊಡಸ್ ಕಾಲದವರೆಗೆ, ಅಂದರೆ ನೂರು ವರ್ಷ. ಅದರಲ್ಲಿ ಕಾಣೋದು: ಮೇಲೆ ಹೋಗ್ತಾ ಕಿರಿದಾಗುವ ಗೋಪುರ, ಕೆಳಗೆ ಒಂದು ಬಾಗಿಲು, ಮೊದಲ ಅಂತಸ್ತಿನ ಮೂಲೆಗಳಲ್ಲಿ ಶಂಖ ಊದುತ್ತಿರುವ, ಅರ್ಧ ಮನುಷ್ಯ ಅರ್ಧ ಮೀನಿನ ಟ್ರೈಟನ್‌ಗಳು, ತುದಿಯಲ್ಲಿ ಒಂದು ಮೂರ್ತಿ. ಕೆಲವದರಲ್ಲಿ ಐಸಿಸ್ ದೇವತೆ ಗಾಳಿ ತುಂಬಿದ ಹಾಯಿ ಹಿಡಿದುಕೊಂಡು ದೀಪಸ್ತಂಭದ ಕಡೆ ಮುಖ ಮಾಡಿರುತ್ತಾಳೆ, ನೋಡಲು ಬಹಳ ಚಂದ.

ನಾಣ್ಯದ ಬಾಗಿಲನ್ನು ಗಮನಿಸಿ ನೋಡಿ. ಅದು ನೆಲಮಟ್ಟದಲ್ಲಿ ಇರಲ್ಲ, ಮೇಲಿರುತ್ತೆ, ಕೆಳಗಿಂದ ಮೆಟ್ಟಿಲೋ ಇಳಿಜಾರೋ ಹೋಗುತ್ತೆ. ಸಾವಿರದ ಇನ್ನೂರು ವರ್ಷ ಆದಮೇಲೆ ಪ್ರವಾಸಿ ಇಬ್ನ್ ಬತೂತ ಬಂದಾಗಲೂ ಬಾಗಿಲು ಎತ್ತರದಲ್ಲೇ ಇತ್ತು. ಎದುರಿಗೆ ಅಷ್ಟೇ ಎತ್ತರದ ಒಂದು ಕಟ್ಟಡ, ಅಲ್ಲಿಂದ ಬಾಗಿಲಿಗೆ ಹಲಗೆ. ಹಲಗೆ ತೆಗೆದುಬಿಟ್ಟರೆ ಯಾರೂ ಒಳಗೆ ಹೋಗೋ ಹಾಗಿಲ್ಲ. ಒಳಗೆ ಬಾಗಿಲ ಹತ್ತಿರವೇ ಕಾವಲುಗಾರನಿಗೆ ಜಾಗ. ಹೆಬ್ಬೆರಳಿನಷ್ಟು ನಾಣ್ಯದಲ್ಲಿ ಕೆತ್ತಿದ್ದು ಇಷ್ಟು ಸರಿಹೊಂದಿದರೆ ನಂಬಲೇಬೇಕು ಅಲ್ವಾ?

ಸೈಟ್ ಇಂಜಿನಿಯರ್:
ತುದಿಯಲ್ಲಿ ಯಾರಿದ್ದರೆ ನನಗೇನು ಸಾರ್. ನನಗೆ ಅಲ್ಲೇ ಯಾಕೆ, ಅಷ್ಟು ಎತ್ತರ ಯಾಕೆ ಅನ್ನೋದು ಮುಖ್ಯ.

ಸ್ಟ್ರಾಬೊ ಅಂತ ಒಬ್ಬ ಗ್ರೀಕ್ ಭೂಗೋಳಕಾರ ಅಲೆಕ್ಸಾಂಡ್ರಿಯಾದಲ್ಲೇ ಕೆಲ ಕಾಲ ಇದ್ದವನು. ಅವನ ಪ್ರಕಾರ ಆ ಕರಾವಳಿ ಎರಡೂ ಕಡೆ ತಗ್ಗು, ಬಂದರು ಇಲ್ಲ, ನೀರಿನ ಕೆಳಗೆ ಬಂಡೆ, ದಿಬ್ಬ. ಕಡಲಿಂದ ಬರುವವನಿಗೆ ದಡ ಕಾಣುವ ಹೊತ್ತಿಗೆ ಹಡಗು ಬಂಡೆ ಮೇಲೆ ಕೂತಿರುತ್ತೆ. ಬೆಟ್ಟ ಇಲ್ಲ, ಗುಡ್ಡ ಇಲ್ಲ, ಗುರುತಿಗೆ ಏನೂ ಇಲ್ಲ. ಹಾಗಾಗಿ ಬಿಳಿ ಕಲ್ಲಿನಲ್ಲಿ ಬೆಟ್ಟದಷ್ಟು ಎತ್ತರದ್ದು ಒಂದು ಕಟ್ಟಿದರು. ಅಂದರೆ ರಾತ್ರಿಯ ಬೆಂಕಿಗಿಂತ ಹಗಲಿನ ಗುರುತಾಗಿಯೇ ಅದರ ಕೆಲಸ ಜಾಸ್ತಿ ಇತ್ತು ಅಂತ ನನ್ನ ಅನಿಸಿಕೆ. ಸಂಜೆಯಾದಮೇಲೆ ಗುರುತಿಲ್ಲದ ಬಂದರಿನೊಳಗೆ ಹಡಗು ನುಗ್ಗಿಸುವ ಧೈರ್ಯ ಆಗಿನ ಕಾಲದಲ್ಲಿ ಎಷ್ಟು ಜನಕ್ಕೆ ಇರುತ್ತೆ?

ಇನ್ನು ಬೆಳಕು ಎಷ್ಟು ದೂರ ಕಾಣುತ್ತಿತ್ತು ಅನ್ನೋ ಲೆಕ್ಕ. ಹಳೇ ಕಾಲದ ಯಹೂದಿ ಇತಿಹಾಸಕಾರ ಜೋಸೆಫಸ್ 300 ಸ್ಟೇಡಿಯಾ ಅನ್ನುತ್ತಾನೆ. ಸ್ಟೇಡಿಯಾದ ಅಳತೆ ಊರಿಗೊಂದು ಥರ ಇತ್ತು, 47ರಿಂದ 55 ಕಿಲೋಮೀಟರ್ ಅಂತ ಹಿಡಿಯಿರಿ. ಭೂಮಿ ಗುಂಡಗಿರೋದರಿಂದ 100 ಮೀಟರ್ ಎತ್ತರದ ಬೆಂಕಿ ಸಮುದ್ರಮಟ್ಟಕ್ಕೆ ಕಾಣೋದು 36 ಕಿಲೋಮೀಟರ್ ಹತ್ತಿರ. ನಾವಿಕ ನೀರಿಂದ 4 ಮೀಟರ್ ಮೇಲೆ ನಿಂತಿದ್ದರೆ ಅದಕ್ಕೆ ಇನ್ನೊಂದು 7 ಸೇರುತ್ತೆ. ಒಟ್ಟು 43. ಗಾಳಿಯಲ್ಲಿ ಬೆಳಕು ಸ್ವಲ್ಪ ಬಾಗೋದನ್ನೂ ಸೇರಿಸಿದರೆ 46. ಅಂದರೆ ಜೋಸೆಫಸ್ ಪೂರ್ತಿ ಬುರುಡೆ ಬಿಟ್ಟಿಲ್ಲ, ಸ್ವಲ್ಪ ಎಳೆದಿದ್ದಾನೆ ಅಷ್ಟೇ.

ಕಡಲ ಮಗ:
ಹೌದು ಮಾರಾಯ್ರೆ, ಹಗಲಿನ ಗುರುತು ಅನ್ನೋದನ್ನು ಪೇಟೆಯವರು ಮರೆತೇಬಿಡುತ್ತಾರೆ. ದೋಣಿಯವರಿಗೆ ದಡದ ಒಂದು ತೆಂಗಿನ ತೋಪು, ಒಂದು ಗುಡಿ, ಒಂದು ಬಂಡೆ ಇದ್ದರೂ ಸಾಕು, ಅದನ್ನೇ ಹಿಡಿದು ಬರುತ್ತಾರೆ.

ಇನ್ನೊಂದು ವಿಷಯ. ಜೂಲಿಯಸ್ ಸೀಸರ್ ಕ್ರಿ.ಪೂ. 48ರಲ್ಲಿ ಆ ದ್ವೀಪವನ್ನು ಹಿಡಿದುಕೊಂಡ. ಅವನೇ ಬರೆದಿದ್ದಾನೆ, ದಾರಿ ತಪ್ಪಿಯೋ ಗಾಳಿಗೆ ಸಿಕ್ಕಿಯೋ ಅಲ್ಲಿಗೆ ಬಂದ ಹಡಗುಗಳನ್ನು ಫಾರೋಸಿನ ಜನ ಕಡಲ್ಗಳ್ಳರ ಹಾಗೆ ದೋಚುತ್ತಿದ್ದರು ಅಂತ. ಮೇಲೆ ಲೋಕಕ್ಕೆಲ್ಲ ದಾರಿ ತೋರಿಸೋ ದೀಪ, ಬುಡದಲ್ಲಿ ದರೋಡೆ. ದೀಪದ ಬುಡದಲ್ಲಿ ಕತ್ತಲೆ ಅಂದರೆ ಇದೇ ನೋಡಿ.

ಸುಮ್ನೆ ಓದೋಳು:
ಕಟ್ಟಿದವನ ಕಥೆ ಯಾರೂ ಹೇಳಲಿಲ್ಲ! ಸೋಸ್ಟ್ರಾಟಸ್ ಅಂತ, ಕ್ನಿಡಸ್ ಊರಿನವನು. ರಾಜ ತನ್ನ ಹೆಸರು ಹಾಕಿಸು ಅಂದನಂತೆ. ಇವನು ಕಲ್ಲಲ್ಲಿ ತನ್ನ ಹೆಸರು ಕೆತ್ತಿ, ಮೇಲೆ ಗಾರೆ ಮೆತ್ತಿ, ಗಾರೆ ಮೇಲೆ ರಾಜನ ಹೆಸರು ಬರೆಸಿದನಂತೆ. ಕಾಲ ಕಳೆದ ಹಾಗೆ ಗಾರೆ ಉದುರಿ ಒಳಗಿಂದ ಇವನ ಹೆಸರು ಹೊರಗೆ ಬಂತು. ನನಗಂತೂ ಬಹಳ ಇಷ್ಟದ ಕಥೆ, ಬಾಸ್ ಹತ್ತಿರ ಕೆಲಸ ಮಾಡೋ ಎಲ್ಲರಿಗೂ ಇಷ್ಟ ಆಗುತ್ತೆ.

ಉಪ್ಪುನೀರು:
ಮೇಡಂ, ಕಥೆ ಚೆನ್ನಾಗಿದೆ, ನಿಜ ಅಲ್ಲ ಅನಿಸುತ್ತೆ. ಅದನ್ನು ಹೇಳಿದವನು ಲೂಸಿಯನ್ ಅನ್ನೋ ಗ್ರೀಕ್ ಲೇಖಕ, ಸ್ತಂಭ ಕಟ್ಟಿ ನಾನೂರು ವರ್ಷ ಆದಮೇಲೆ. ಅವನು ಇತಿಹಾಸ ಬರೆಯೋರಿಗೆ ಬುದ್ಧಿ ಹೇಳಲು ಈ ಕಥೆ ತಂದ: ಇವತ್ತಿನ ಚಪ್ಪಾಳೆಗೆ ಬರೀಬೇಡಿ, ಮುಂದಿನವರಿಗೆ ಬರೀರಿ ಅಂತ. ಅವನಿಗಿಂತ ಮುಂಚಿನವನು ಪ್ಲೀನಿ ಅನ್ನೋ ರೋಮನ್ ಲೇಖಕ. ಅವನು ಹೇಳೋದೇ ಬೇರೆ. ಟಾಲೆಮಿ ದೊಡ್ಡ ಮನಸ್ಸು ಮಾಡಿ ಸೋಸ್ಟ್ರಾಟಸ್ ಹೆಸರು ಹಾಕಿಸಿಕೊಳ್ಳಲು ಬಿಟ್ಟ ಅಂತ ಹೊಗಳುತ್ತಾನೆ. ಖರ್ಚು 800 ಟ್ಯಾಲೆಂಟ್ (ಬೆಳ್ಳಿಯ ತೂಕದ ಲೆಕ್ಕ) ಅಂತಲೂ ಅವನೇ ಬರೆದದ್ದು. ಶಾಸನದಲ್ಲಿ ಇದ್ದದ್ದು: ಡೆಕ್ಸಿಫನೀಸನ ಮಗ, ಕ್ನಿಡಸ್‌ನ ಸೋಸ್ಟ್ರಾಟಸ್, ಕಾಪಾಡುವ ದೇವರುಗಳಿಗೆ, ಕಡಲಲ್ಲಿ ಹೋಗುವವರ ಸಲುವಾಗಿ. ಅವನು ಕಟ್ಟಿದ ಶಿಲ್ಪಿಯೋ ಅಥವಾ ದುಡ್ಡು ಕೊಟ್ಟ ದೊಡ್ಡ ಮನುಷ್ಯನೋ ಅನ್ನೋದರಲ್ಲೇ ವಿದ್ವಾಂಸರಲ್ಲಿ ಎರಡು ಪಕ್ಷ ಇದೆ.

ಕುತೂಹಲಿ:
ಹಡಗು ಸುಡೋ ಕನ್ನಡಿ? ಅದೂ ಸುಳ್ಳಾ?

ಉಪ್ಪುನೀರು:
ಅದು ಇನ್ನೂ ಈಚಿನದು. ಗ್ರೀಕರ ಬರಹಗಳಲ್ಲಿ ಈ ಕನ್ನಡಿಯ ಮಾತೇ ಇಲ್ಲ. ಸ್ತಂಭ ಮುಗಿದ ಕಾಲದ ಹತ್ತಿರದವನಾದ ಪೊಸಿಡಿಪ್ಪಸ್ ಅಂತ ಒಬ್ಬ ಕವಿಯ ಪದ್ಯ ಒಂದು ಪಪೈರಸ್ ಮೇಲೆ ಉಳಿದಿದೆ. ಅವನು ಹೇಳೋದು: ಈಜಿಪ್ಟಿನಲ್ಲಿ ದ್ವೀಪಗಳಲ್ಲಿ ಇರೋ ಹಾಗೆ ಬೆಟ್ಟದ ಕಾವಲು ಇಲ್ಲ, ಅದಕ್ಕೇ ಈ ಗೋಪುರ ಆಕಾಶಕ್ಕೆ ನಿಂತಿದೆ, ಹಗಲು ದೂರದಿಂದ ಕಾಣುತ್ತೆ, ರಾತ್ರಿ ತುದಿಯಲ್ಲಿ ದೊಡ್ಡ ಬೆಂಕಿ ಕಾಣುತ್ತೆ. ಜೀಯಸ್ ಹೆಸರೂ ಅಲ್ಲೇ ಇದೆ. ಕನ್ನಡಿ ಮಾತ್ರ ಇಲ್ಲ.

ಕನ್ನಡಿಯನ್ನು ತಂದವರು ಅರಬ್ ಲೇಖಕರು. ಹತ್ತನೇ ಶತಮಾನದ ಅಲ್ ಮಸೂದಿ ಹೇಳೋ ಕಥೆ ಕೇಳಿ, ಪತ್ತೇದಾರಿ ಕಾದಂಬರಿ ಇದ್ದ ಹಾಗಿದೆ. ಬೈಜಾಂಟಿಯಂ ದೊರೆ ತನ್ನ ಒಬ್ಬ ನಂಬಿಕಸ್ಥನನ್ನು ಖಲೀಫನ ಹತ್ತಿರ ಕಳಿಸುತ್ತಾನೆ. ಅವನು ಹೋಗಿ, ಅಲ್ಲಲ್ಲಿ ಹೂತಿಟ್ಟ ನಿಧಿ ನಿಜವಾಗಿಯೇ ತೋರಿಸಿ ನಂಬಿಕೆ ಗಳಿಸಿ, ಕೊನೆಗೆ ದೀಪಸ್ತಂಭದ ಕೆಳಗೆ ಅಲೆಕ್ಸಾಂಡರನ ನಿಧಿ ಇದೆ ಅನ್ನುತ್ತಾನೆ. ಖಲೀಫ ಕೆಡವಿಸಲು ಶುರು ಮಾಡುತ್ತಾನೆ. ಅರ್ಧ ಕೆಡವಿ, ಕನ್ನಡಿ ಹೋದಮೇಲೆ ಮೋಸ ಅಂತ ಗೊತ್ತಾಗುತ್ತೆ. ಅಷ್ಟರಲ್ಲಿ ಆ ಮನುಷ್ಯ ರಾತ್ರೋರಾತ್ರಿ ಹಡಗು ಹತ್ತಿ ಪರಾರಿ.

ಮಜಾ ಏನಂದರೆ ಅದೇ ಮಸೂದಿ, ತನ್ನ ಕಾಲದಲ್ಲೇ ಆದ ಭೂಕಂಪದಲ್ಲಿ ತುದಿಯ ಸುಮಾರು 30 ಮೊಳ ಬಿತ್ತು ಅಂತಲೂ ಬರೆದಿದ್ದಾನೆ. ಅದನ್ನು ನಾನು ಹತ್ತು ಕನ್ನಡಿಗಿಂತ ಜಾಸ್ತಿ ನಂಬುತ್ತೇನೆ.

ಸೈಟ್ ಇಂಜಿನಿಯರ್:
1933ರ ಸಾಕ್ಷಿ ಯಾರು? ಸೀರಿಯಲ್ ಥರ ಮುಂದಿನ ಕಂತಿಗೆ ತಳ್ಳಬೇಡಿ.

ಉಪ್ಪುನೀರು:
ಬಂದೆ. ಸ್ಪೇನಿನ ಮಾಲಗದವನು, ಇಬ್ನ್ ಅಲ್ ಶೇಖ್ ಅಲ್ ಬಲವಿ. 1166ರ ಸುಮಾರಿಗೆ ಅಲೆಕ್ಸಾಂಡ್ರಿಯಾದಲ್ಲಿದ್ದ. ಅವನ ಬರಹದ ಈ ಭಾಗವನ್ನು ಸ್ಪೇನಿನ ವಿದ್ವಾಂಸ ಮಿಗೆಲ್ ಅಸಿನ್ ಪಲಾಸಿಯೋಸ್ 1933ರಲ್ಲಿ ಬೆಳಕಿಗೆ ತಂದರು.

ಈ ಮನುಷ್ಯ ಮಾಡಿದ ಕೆಲಸ ನೋಡಿ. ಒಳಗೆ ಹೋಗಿ ಇಳಿಜಾರು ದಾರಿಯಲ್ಲಿ ಮೊದಲ ಅಂತಸ್ತಿನ ಮೇಲಕ್ಕೆ ಹೋದ. ಅಂಚಿಗೆ ಬಂದು, ದಾರಕ್ಕೆ ಕಲ್ಲು ಕಟ್ಟಿ ಕೆಳಗೆ ಬಿಟ್ಟ. ದಾರ ಅಳೆದರೆ 31 ಆಳು (ಒಬ್ಬ ಮನುಷ್ಯನ ಎತ್ತರದ ಅಳತೆ). ಅಲ್ಲಿಂದ ಮೇಲೆ ಎಂಟು ಮೂಲೆಯ ಎರಡನೇ ಅಂತಸ್ತು, ಒಂದೊಂದು ಮುಖ ಹತ್ತು ಹೆಜ್ಜೆ. ಅದನ್ನೂ ಹತ್ತಿ ಅಳೆದ, 15 ಆಳು. ಅದರ ಮೇಲೆ ಗುಂಡಗಿನ ಮೂರನೇದು, 31 ಮೆಟ್ಟಿಲು, 4 ಆಳು. ಅದರ ನೆತ್ತಿಯಲ್ಲಿ ನಾಲ್ಕು ಬಾಗಿಲಿನ ಗುಮ್ಮಟದ ಮಸೀದಿ. ಎಲ್ಲ ಕೂಡಿಸಿದರೆ 50 ಆಳು. ಒಂದು ಆಳು ಅಂದರೆ ಐದೂಮುಕ್ಕಾಲು ಅಡಿ ಹಿಡಿದರೂ 85ರಿಂದ 90 ಮೀಟರ್ ಬರುತ್ತೆ, ಅದೂ ಹಳೇ ತುದಿ ಬಿದ್ದುಹೋದಮೇಲೆ. ಹಾಗಾಗಿ ಮೊದಲು 100 ಮೀಟರ್ ಅಥವಾ ಇನ್ನೂ ಸ್ವಲ್ಪ ಜಾಸ್ತಿ ಇತ್ತು ಅನ್ನೋದು ಸುಮ್ನೆ ಮಾತಲ್ಲ.

ಇದಾಗಿ 17 ವರ್ಷಕ್ಕೆ, 1183ರಲ್ಲಿ, ಇಬ್ನ್ ಜುಬೈರ್ ಅನ್ನೋ ಪ್ರವಾಸಿ ಅದೇ ಗೋಪುರ ಹತ್ತಿದ, ಮೇಲಿನ ಮಸೀದಿಯಲ್ಲಿ ನಮಾಜು ಮಾಡಿದ. ಅವನು ಎತ್ತರ 150 ಆಳಿಗಿಂತ ಜಾಸ್ತಿ ಅಂತ ಹೇಳುತ್ತಾರೆ ಅಂತ ಬರೆದ. ಮೂರು ಪಟ್ಟು! ಇಬ್ಬರೂ ಒಳ್ಳೆಯವರೇ, ಇಬ್ಬರೂ ಕಣ್ಣಾರೆ ನೋಡಿದವರೇ. ಒಬ್ಬ ದಾರ ಬಿಟ್ಟ, ಇನ್ನೊಬ್ಬ ಪಕ್ಕದವರನ್ನು ಕೇಳಿದ. ವಿಡಿಯೋ ಮಾಡೋರೆಲ್ಲ ಪಕ್ಕದವರನ್ನು ಕೇಳಿದವರ ಗುಂಪು.

ಸೈಟ್ ಇಂಜಿನಿಯರ್:
ಭೇಷ್! ಪ್ಲಂಬ್ ಬಾಬ್ ಬಿಟ್ಟು ಅಳೆದಿದ್ದಾನೆ, ನಮ್ಮ ಜಾತಿಯವನೇ. ಬುಡದ ಅಗಲ ಯಾರಾದರೂ ಕೊಟ್ಟಿದ್ದಾರಾ?

ನಾಣ್ಯದ ಹುಚ್ಚು:
ಇಬ್ನ್ ಬತೂತ ಕೊಟ್ಟಿದ್ದಾನೆ. ಒಂದೊಂದು ಮುಖ 140 ಗೇಣು, ಒಳಗಿನ ದಾರಿ 9 ಗೇಣು ಅಗಲ, ಗೋಡೆ 10 ಗೇಣು ದಪ್ಪ.

ಸೈಟ್ ಇಂಜಿನಿಯರ್:
ಗೇಣಿಗೆ 22 ಸೆಂಟಿಮೀಟರ್ ಅಂದರೆ ಬುಡ 31 ಮೀಟರ್ ಹತ್ತಿರ, ಗೋಡೆ ಎರಡೂಕಾಲು ಮೀಟರ್ ಇರಬೇಕು. 31 ಬುಡಕ್ಕೆ 100 ಎತ್ತರ, ಚೌಕ, ಆಮೇಲೆ ಎಂಟು ಮೂಲೆ, ಆಮೇಲೆ ಗುಂಡು, ಭಾರ ಮೇಲೆ ಹೋಗ್ತಾ ಕಡಿಮೆ ಆಗುತ್ತೆ. ಸರಿಯಾದ ಪ್ಲಾನು. ಆದರೆ ಅರಬ್ ಬರಹಗಳಲ್ಲಿ ಒಳಗಿನ ದಾರಿಯಲ್ಲಿ ಇಬ್ಬರು ಕುದುರೆ ಸವಾರರು ಎದುರುಬದುರು ದಾಟಬಹುದು ಅಂತ ಇದೆಯಲ್ಲ, 9 ಗೇಣು ಅಂದರೆ ಎರಡು ಮೀಟರ್ ಸ್ವಾಮಿ. ಕುದುರೆಗಳು ಹೊಟ್ಟೆ ಒಳಗೆಳೆದುಕೊಂಡು ಹೋಗಬೇಕಿತ್ತು.

ಬೇಗ್ರಾಂ ಬಟ್ಟಲು:
ನಾಣ್ಯ, ಪ್ರವಾಸಿಗಳು ಆಯ್ತು. ಇನ್ನೂ ನಾಲ್ಕು ಸಾಕ್ಷಿ ಸೇರಿಸಿಕೊಳ್ಳಿ.

ಅಲೆಕ್ಸಾಂಡ್ರಿಯಾದಿಂದ ಪಶ್ಚಿಮಕ್ಕೆ ಸುಮಾರು 45 ಕಿಲೋಮೀಟರ್ ದೂರದಲ್ಲಿ ಅಬೂಸಿರ್ ಅಂತ ಜಾಗ. ಅಲ್ಲಿ ಹಳೇ ಸ್ಮಶಾನದ ಮೇಲೆ ಒಂದು ಗೋಪುರ ಇದೆ: ಕೆಳಗೆ ಚೌಕ, ನಡುವೆ ಎಂಟು ಮೂಲೆ, ಮೇಲೆ ಗುಂಡು. ಫಾರೋಸನ್ನು ನೋಡಿ ಚಿಕ್ಕದಾಗಿ ಕಟ್ಟಿದ್ದು ಅಂತ ಬಹಳ ಜನ ಒಪ್ಪುತ್ತಾರೆ. ಎರಡನೇದು ಲಿಬಿಯಾದ ಖಸ್ರ್ ಲಿಬಿಯಾದ ಚರ್ಚಿನ ನೆಲದ ಮೊಸಾಯಿಕ್, ಆರನೇ ಶತಮಾನದ್ದು, ಅದರಲ್ಲಿ ತುದಿಯಲ್ಲಿ ಸೂರ್ಯದೇವ. ಮೂರನೇದು ವೆನಿಸ್‌ನ ಸೇಂಟ್ ಮಾರ್ಕ್ ಚರ್ಚಿನ ಮೊಸಾಯಿಕ್, ಹದಿಮೂರನೇ ಶತಮಾನ, ಸಂತ ಮಾರ್ಕ ಅಲೆಕ್ಸಾಂಡ್ರಿಯಾಕ್ಕೆ ದೋಣಿಯಲ್ಲಿ ಬರುತ್ತಿದ್ದಾನೆ, ಎದುರಿಗೆ ಗುಮ್ಮಟ ಇರುವ ದೀಪಸ್ತಂಭ. ಬಲವಿ ಕಂಡ ಗುಮ್ಮಟ ಇಲ್ಲೂ ಇದೆ, ನೋಡಿ.

ನಾಲ್ಕನೇದು ನನ್ನ ಅಚ್ಚುಮೆಚ್ಚಿನದು. ಅಫ್ಘಾನಿಸ್ತಾನದ ಬೇಗ್ರಾಂನಲ್ಲಿ ಫ್ರೆಂಚ್ ಪುರಾತತ್ವದವರು 1930ರ ದಶಕದಲ್ಲಿ ಅಗೆದಾಗ ಸಿಕ್ಕ ಗಾಜಿನ ಬಟ್ಟಲು. ಅದರ ಮೈಮೇಲೆ ಉಬ್ಬುಚಿತ್ರ: ಕಲ್ಲುಕಲ್ಲಾಗಿ ಕಟ್ಟಿದ ಗೋಪುರ, ತುದಿಯಲ್ಲಿ ಮೂರ್ತಿ, ಸುತ್ತ ಹಡಗು. ಅದೇ ಕೋಣೆಗಳಲ್ಲಿ ಭಾರತದ ದಂತದ ಕೆತ್ತನೆಗಳೂ ಸಿಕ್ಕಿವೆ.

ಕನ್ನಡದ ಕಟ್ಟಾಳು:
ಈಜಿಪ್ಟ್ ಅಂದಮೇಲೆ ನಮ್ಮ ಕನ್ನಡದ ಮಾತು ಬರಲೇಬೇಕು! ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಗ್ರೀಕ್ ಪ್ರಹಸನದಲ್ಲಿ ಕನ್ನಡ ಮಾತು ಇದೆ. ಶಾಮಾಶಾಸ್ತ್ರಿಗಳು, ಗೋವಿಂದ ಪೈಗಳು ಎಲ್ಲ ಬರೆದಿದ್ದಾರೆ. ಹಾಗಾದರೆ ದೀಪಸ್ತಂಭ ನೋಡಿದ ಕನ್ನಡಿಗರೂ ಇದ್ದರು ಅಂತ ಆಯ್ತು.

ಉಪ್ಪುನೀರು:
ಅಣ್ಣ, ಅಷ್ಟು ಉದ್ದಕ್ಕೆ ಜಿಗಿಯಬೇಡಿ. ಆಕ್ಸಿರಿಂಕಸ್ ಇರೋದು ಕೈರೋಗಿಂತ ತೆಂಕಣಕ್ಕೆ, ಮರಳುಗಾಡಿನ ಅಂಚಿನಲ್ಲಿ, ಕಡಲಿಗೂ ಅದಕ್ಕೂ ಬಹಳ ದೂರ. ಆ ಮಾತುಗಳು ಕನ್ನಡವೇ ಅನ್ನೋದರ ಬಗ್ಗೆಯೂ ಇನ್ನೂ ವಾದ ನಡೆದೇ ಇದೆ. ಖಂಡಿತ ಹೇಳಬಹುದಾದದ್ದು ಒಂದಿದೆ. ನಮ್ಮ ಪಡುವಣ ಕರಾವಳಿಯ ಮೆಣಸು ಕೆಂಪು ಸಮುದ್ರ ದಾಟಿ, ಒಂಟೆ ಮೇಲೆ ನೈಲ್ ನದಿಗೆ ಬಂದು, ಅಲ್ಲಿಂದ ಅಲೆಕ್ಸಾಂಡ್ರಿಯಾ ಸೇರಿ ರೋಮಿಗೆ ಹೋಗುತ್ತಿತ್ತು. ಕೇರಳದ ಹಳೇ ಬಂದರು ಮುಜಿರಿಸ್‌ನಿಂದ ಬಂದ ಸರಕಿನ ಸಾಲಪತ್ರವೇ ಪಪೈರಸ್ ಮೇಲೆ ಉಳಿದಿದೆ, ಎರಡನೇ ಶತಮಾನದ್ದು. ಆ ಮೆಣಸಿನ ಹಡಗು ಬಂದರು ಬಿಡುವಾಗ ಈ ಗೋಪುರದ ಪಕ್ಕದಲ್ಲೇ ಹೋಗಬೇಕಿತ್ತು. ಸದ್ಯಕ್ಕೆ ಮೆಣಸಿಗೆ ತೃಪ್ತಿಪಡೋಣ.

ಗಲ್ಫ್ ಗೌಡ:
ನಾನು ಕೆಲಸದ ಮೇಲೆ ಕೈರೋಗೆ ಹೋದಾಗ ಅಲ್ಲಿಗೂ ಹೋಗಿ ಬಂದೆ. ಅಲ್ಲಿ ಈಗ ಇರೋದು ಖಾಯ್ತ್‌ಬೇ ಕೋಟೆ. ಮಾಮ್ಲೂಕ್ ಸುಲ್ತಾನ 1477ರಲ್ಲಿ ಶುರು ಮಾಡಿಸಿದ್ದು, ಬಿದ್ದ ದೀಪಸ್ತಂಭದ ಜಾಗದಲ್ಲೇ, ಅದರ ಕಲ್ಲುಗಳನ್ನೂ ಬಳಸಿಕೊಂಡು. ಇಡೀ ಕೋಟೆ ತಿಳಿ ಬಣ್ಣದ ಸುಣ್ಣಕಲ್ಲು. ನಡುವೆ ಅಲ್ಲಲ್ಲಿ ಕೆಂಪು ಗ್ರಾನೈಟ್ ತುಂಡು ಕಾಣುತ್ತೆ, ಅಂಥ ಕಲ್ಲು ಆ ತೀರದಲ್ಲಿ ಸಿಗಲ್ಲ, ದೂರದ ಅಸ್ವಾನ್‌ನಿಂದ ಬಂದದ್ದು. ಗೈಡ್ ಒಬ್ಬ ಎಲ್ಲ ಕಲ್ಲನ್ನೂ ತೋರಿಸಿ ದೀಪಸ್ತಂಭದ್ದೇ ಅನ್ನುತ್ತಿದ್ದ, ಪಾಪ ಅವನ ಹೊಟ್ಟೆಪಾಡು. ಹೊರಗೆ ಕಡಲ ಬದಿಯಲ್ಲಿ ಅಲೆ ತಡೆಯಲು ಹಾಕಿದ ಕಾಂಕ್ರೀಟ್ ದಿಮ್ಮಿಗಳ ಮೇಲೆ ಹುಡುಗರು ಗಾಳ ಹಾಕಿ ಕೂತಿರುತ್ತಾರೆ.

ಬೇಗ್ರಾಂ ಬಟ್ಟಲು:
ಆ ಕಾಂಕ್ರೀಟಿನ ಕಥೆಯೇ ದೊಡ್ಡದು. ಅಲ್ಲಿ ನೀರೊಳಗೆ ದೊಡ್ಡ ಮೂರ್ತಿಗಳಿವೆ ಅಂತ 1960ರ ದಶಕದ ಶುರುವಿನಲ್ಲೇ ಕಮಲ್ ಅಬುಲ್ ಸಾದತ್ ಅನ್ನೋ ಈಜಿಪ್ಟಿನ ಮುಳುಗುಗಾರ ತೋರಿಸಿಕೊಟ್ಟಿದ್ದರು. ಒಂದು ದೊಡ್ಡ ಐಸಿಸ್ ಮೂರ್ತಿಯನ್ನು ಆಗಲೇ ಎತ್ತಿದರು. 1968ರಲ್ಲಿ ಯುನೆಸ್ಕೋ ಕಳಿಸಿದ ಪುರಾತತ್ವಜ್ಞೆ ಹಾನರ್ ಫ್ರಾಸ್ಟ್ ಬಂದು ನಕ್ಷೆ ಮಾಡಿದರು. ಆಮೇಲೆ ಎಲ್ಲರೂ ಮರೆತರು. ಕೋಟೆಗೆ ಅಲೆ ಹೊಡೆಯುತ್ತೆ ಅಂತ ಕಾಂಕ್ರೀಟ್ ದಿಮ್ಮಿ ಸುರಿಯಲು ಶುರು ಮಾಡಿದರು, ಸರಿಯಾಗಿ ಆ ಅವಶೇಷಗಳ ಮೇಲೆಯೇ. ಗಲಾಟೆ ಆದಮೇಲೆ 1994ರಲ್ಲಿ ಫ್ರೆಂಚ್ ಪುರಾತತ್ವಜ್ಞ ಜಾನ್ ಈವ್ ಎಂಪರರ್ ಅವರ ತಂಡ ಮುಳುಗಿ ನೋಡಲು ಹೊರಟಿತು. ಆರೆಂಟು ಮೀಟರ್ ಆಳದಲ್ಲಿ ಎರಡೂವರೆ ಸಾವಿರಕ್ಕಿಂತ ಜಾಸ್ತಿ ತುಂಡುಗಳು! ಕಂಬ, ಸಿಂಹನಾರಿ, ಒಬೆಲಿಸ್ಕ್ (ಚೂಪು ತುದಿಯ ಕಲ್ಲುಕಂಬ) ಚೂರು, ಟಾಲೆಮಿಯ ಭಾರಿ ಮೂರ್ತಿ.

ಎಲ್ಲವೂ ದೀಪಸ್ತಂಭದ್ದಲ್ಲ, ಅದು ನೆನಪಿರಲಿ. ಈಜಿಪ್ಟಿನ ಹಳೇ ದೊರೆ ಒಂದನೇ ಸೇತಿ ಕಾಲದ ಒಬೆಲಿಸ್ಕ್ ತುಂಡುಗಳಿವೆ, ಅಂದರೆ ಗೋಪುರಕ್ಕಿಂತ ಸಾವಿರ ವರ್ಷ ಹಳೆಯವು. ಹಳೇ ಊರುಗಳಿಂದ ತಂದು ಇಲ್ಲಿ ಬಳಸಿದ್ದು. ಕಿತ್ತು ತಂದು ಕಟ್ಟೋದು ಸುಲ್ತಾನನಿಂದ ಶುರುವಾದ ಚಾಳಿ ಏನಲ್ಲ.

2025ರ ಜುಲೈನಲ್ಲಿ ಇಸಬೆಲ್ ಎರಿ ಅವರ ತಂಡ 22 ದೊಡ್ಡ ದಿಮ್ಮಿಗಳನ್ನು ನೀರಿನಿಂದ ಎತ್ತಿತು. ದೊಡ್ಡ ಬಾಗಿಲಿನ ಮೇಲುಗಲ್ಲು, ಪಕ್ಕದ ನಿಲುಗಲ್ಲು, ಹೊಸ್ತಿಲು, ನೆಲಹಾಸು. ಕೆಲವು 70–80 ಟನ್. ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಒಂದಕ್ಕೊಂದು ಜೋಡಿಸಿ ನೋಡೋದು ಉದ್ದೇಶ.

ಸುಮ್ನೆ ಓದೋಳು:
ಅಷ್ಟು ಗಟ್ಟಿ ಇದ್ದದ್ದು ಬಿದ್ದದ್ದು ಯಾವಾಗ ಹಾಗಾದರೆ?

ಉಪ್ಪುನೀರು:
ಒಂದೇ ಸಲಕ್ಕೆ ಬೀಳಲಿಲ್ಲ ಮೇಡಂ. ತುದಿ ಮೊದಲೇ ಹೋಗಿತ್ತು. ಒಂಬತ್ತನೇ ಶತಮಾನದಲ್ಲಿ ಈಜಿಪ್ಟ್ ಆಳುತ್ತಿದ್ದ ಇಬ್ನ್ ತುಲೂನ್ ಮೇಲೊಂದು ಮರದ ಗುಮ್ಮಟ ಹಾಕಿಸಿದ, ಅದೂ ಉಳಿಯಲಿಲ್ಲ. ದೊಡ್ಡ ಪೆಟ್ಟು 1303ರ ಆಗಸ್ಟ್ ಭೂಕಂಪ, ಕ್ರೀಟ್ ದ್ವೀಪದ ಕಡೆಯಿಂದ ಬಂದದ್ದು. 1326ರಲ್ಲಿ ಇಬ್ನ್ ಬತೂತ ಬಂದಾಗ ಒಂದು ಮುಖ ಬಿದ್ದಿತ್ತು, ಆದರೂ ಒಳಗೆ ಹೋಗಿ ಗೇಣು ಹಾಕಿದ. 1349ರಲ್ಲಿ ವಾಪಸ್ ಬಂದಾಗ ಬಾಗಿಲ ತನಕ ಹತ್ತಲೂ ಆಗದಷ್ಟು ಹಾಳಾಗಿತ್ತು. ಸುಲ್ತಾನ್ ಅಲ್ ನಾಸಿರ್ ಪಕ್ಕದಲ್ಲೇ ಇಂಥದ್ದೇ ಇನ್ನೊಂದು ಕಟ್ಟಿಸಲು ಹೊರಟಿದ್ದ, ಅಷ್ಟರಲ್ಲಿ ತೀರಿಕೊಂಡ ಅಂತಲೂ ಬರೆದಿದ್ದಾನೆ.

ಗಲ್ಫ್ ಗೌಡ:
ಈಗಲೂ ಮತ್ತೆ ಕಟ್ಟಬೇಕು ಅಂತ ಅಲ್ಲಿ ಆಗಾಗ ಮಾತು ಏಳುತ್ತೆ. ಕಟ್ಟಿದರೆ ಪ್ರವಾಸಿಗಳು ಬರುತ್ತಾರೆ, ತಪ್ಪೇನು?

ಉಪ್ಪುನೀರು:
ಎಲ್ಲಿ ಕಟ್ಟುತ್ತೀರಿ ಗೌಡ್ರೆ? ಹಳೇ ಜಾಗದಲ್ಲಿ ಐನೂರು ವರ್ಷ ಹಳೇ ಕೋಟೆ ಇದೆ, ಅದನ್ನು ಕೆಡವೋ ಹಾಗಿಲ್ಲ. ಪಕ್ಕದಲ್ಲಿ ಕಟ್ಟಿದರೆ ಅದು ಥೀಮ್ ಪಾರ್ಕ್. ತುದಿಯಲ್ಲಿ ಯಾರನ್ನು ನಿಲ್ಲಿಸೋದು ಅಂತ ಮತ್ತೆ ಜಗಳ. ಕಾಲದಲ್ಲಿ ಹತ್ತಿರದವನಾದ ಪೊಸಿಡಿಪ್ಪಸ್ ಹೆಸರಿಸೋದು ಜೀಯಸ್ಸನ್ನು, ನಾನು ಅವನ ಕಡೆ. ಲಿಬಿಯಾದ ಮೊಸಾಯಿಕ್ ಹಾಕಿದವನು ಎಂಟುನೂರು ವರ್ಷ ಆದಮೇಲೆ ಹಾಕಿದ್ದು, ಅಷ್ಟರಲ್ಲಿ ಮೇಲಿನ ಮೂರ್ತಿ ಬದಲಾಗಿದ್ದರೂ ಆಶ್ಚರ್ಯ ಇಲ್ಲ. ನಿಂತಿರೋ ರೋಮನ್ ದೀಪಸ್ತಂಭ ನೋಡಬೇಕು ಅಂದರೆ ಸ್ಪೇನಿನ ಲಾ ಕೊರೂನ್ಯಾಕ್ಕೆ ಹೋಗಿ, ಹರ್ಕ್ಯುಲಿಸ್ ಗೋಪುರ ಈಗಲೂ ದೀಪ ಹಚ್ಚುತ್ತೆ.

ಕುತೂಹಲಿ:
ಅಲೆಕ್ಸಾಂಡ್ರಿಯಾಕ್ಕೆ ಹೋದರೆ ಕೋಟೆ ಬಿಟ್ಟು ಎಲ್ಲೆಲ್ಲಿ ನೋಡಬೇಕು?

ಬೇಗ್ರಾಂ ಬಟ್ಟಲು:
ನೀರಿನಿಂದ ಎತ್ತಿದ ಟಾಲೆಮಿ ಮೂರ್ತಿ ಹೊಸ ಗ್ರಂಥಾಲಯದ ಮುಂದೆ ನಿಂತಿದೆ, ದುಡ್ಡು ಕೊಡದೆ ನೋಡಬಹುದು. 1995ರಲ್ಲಿ ಎತ್ತಿದ ಇನ್ನೂ ಹಲವು ಕಲ್ಲುಗಳು ಕೋಮ್ ಅಲ್ ದಿಕ್ಕಾದಲ್ಲಿ, ರೋಮನ್ ರಂಗಮಂದಿರದ ಆವರಣದಲ್ಲಿವೆ. ಒಂದು ದಿನ ಬಿಡುವಿದ್ದರೆ ಟ್ಯಾಕ್ಸಿ ಮಾಡಿಕೊಂಡು ಅಬೂಸಿರ್‌ಗೆ ಹೋಗಿ. ಜನ ಕಡಿಮೆ. ಚೌಕ, ಎಂಟು ಮೂಲೆ, ಗುಂಡು, ಮೂರೂ ಒಂದರ ಮೇಲೊಂದು ಕಾಣೋದು ಅಲ್ಲೇ.

ಸೈಟ್ ಇಂಜಿನಿಯರ್:
ಯಾರಾದರೂ ಅಬೂಸಿರ್‌ಗೆ ಹೋದರೆ ಮೂರು ಅಂತಸ್ತಿನ ಅಳತೆ ಬೇಕು ನನಗೆ. ಬಲವಿಯ 31, 15, 4ರ ಜೊತೆ ತಾಳೆ ಹಾಕಬೇಕು. ಫೋಟೋ ಬೇಡ, ದಾರ ತಗೊಂಡು ಹೋಗಿ.